ಮುಳುಗುವ ಮುಂಚೆ ಅಳತೆಯಾಗಲಿ

ಹಾರೋಹಳ್ಳಿ ಬಸ್ ಸ್ಟಾಂಡಿನಲ್ಲಿ ಸಂಜೆ ಐದೂವರೆ ಮೇಲೆ ಕನಕಪುರದ ಕಡೆ ಬಸ್ಸಿಗೆ ಕಾಯುವವರ ಬಾಯಲ್ಲಿ ಎರಡೇ ಮಾತು. ಒಂದು, ಬಸ್ಸು ಯಾಕೆ ಬರಲಿಲ್ಲ. ಎರಡು, ಮೇಕೆದಾಟು ಯಾವಾಗ ಬರುತ್ತೆ. ಮೊದಲನೆಯದಕ್ಕೆ ಉತ್ತರ ಹೇಳುವವರು ಯಾರೂ ಇಲ್ಲ. ಎರಡನೆಯದಕ್ಕೆ ಉತ್ತರ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಚುನಾವಣೆಗೊಮ್ಮೆ ಬಂದು ಹೇಳಿಹೋಗುತ್ತಾರೆ.

ಆ ಎರಡನೇ ಮಾತಿನ ಸಲುವಾಗಿ ಇವತ್ತು ನಾವು ಹಾಸನ ಜಿಲ್ಲೆಯ ಒಂದು ಹಾಳು ಚರ್ಚಿನ ವಿಚಾರ ಬರೆಯುತ್ತಿದ್ದೇವೆ. ಎಲ್ಲಿಯ ಹಾರೋಹಳ್ಳಿ, ಎಲ್ಲಿಯ ಹಾಸನ, ಈ ರಿಪೋರ್ಟರಿಗೆ ಸುದ್ದಿ ಸಿಗಲಿಲ್ಲವೇನೋ ಅಂತ ಪುಟ ತಿರುಗಿಸಬೇಡಿ. ಸಂಬಂಧ ಇದೆ.

ಹಾಸನದಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರು ಹೋದರೆ ಹೇಮಾವತಿ ಹಿನ್ನೀರಿನ ದಡದಲ್ಲಿ ಶೆಟ್ಟಿಹಳ್ಳಿ ಅಂತ ಊರು. ಊರು ಅನ್ನುವುದಕ್ಕಿಂತ ಊರಿದ್ದ ಜಾಗ ಅಂದರೆ ಸರಿ. 1860ರ ಸುಮಾರಿನಲ್ಲಿ ಫ್ರೆಂಚ್ ಪಾದ್ರಿಗಳು ಅಲ್ಲೊಂದು ಚರ್ಚು ಕಟ್ಟಿಸಿದರು. ರೋಸರಿ ಚರ್ಚು, ಅಂದರೆ ಜಪಮಾಲೆ ಮಾತೆಯ ದೇವಾಲಯ. ಎತ್ತರದ ಕಮಾನು, ಇಟ್ಟಿಗೆ ಗೋಡೆ, ಸುಣ್ಣದ ಗಾರೆ. ಗಾರೆಗೆ ಬೆಲ್ಲ ಕೋಳಿಮೊಟ್ಟೆ ಹಾಕಿ ಅರೆದಿದ್ದರು ಅಂತ ಜನ ಹೇಳುತ್ತಾರೆ. ಹಳೇ ಕಟ್ಟಡ ಯಾವುದೇ ಆಗಲಿ, ನಮ್ಮ ಜನ ಅದಕ್ಕೆ ಬೆಲ್ಲ ಮೊಟ್ಟೆ ಸೇರಿಸದೆ ಬಿಡುವುದಿಲ್ಲ, ಆ ಮಾತು ಇರಲಿ. ಚರ್ಚಿನ ಸುತ್ತ ಊರಿತ್ತು, ಹೊಲಗದ್ದೆ ಇತ್ತು, ಸತ್ತವರನ್ನು ಹೂಳುವ ನೆಲ ಇತ್ತು.

ಆಮೇಲೆ ಗೊರೂರಿನಲ್ಲಿ ಅಣೆಕಟ್ಟೆ ಬಂತು. ಹೌದು, ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರೇ. 1979ರಲ್ಲಿ ಹೇಮಾವತಿ ಅಣೆಕಟ್ಟೆ ಕೆಲಸ ಮುಗಿಯಿತು. 37 ಟಿಎಂಸಿ ನೀರು ನಿಲ್ಲುವ ಜಲಾಶಯ. ಅದರಿಂದ ಹಾಸನ, ಮಂಡ್ಯ, ತುಮಕೂರಿನ ಜಮೀನಿಗೆ ನೀರಾಯಿತು, ಅದನ್ನು ಇಲ್ಲವೆನ್ನುವವರು ಯಾರೂ ಇಲ್ಲ. ಶೆಟ್ಟಿಹಳ್ಳಿಯವರು ಗಂಟುಮೂಟೆ ಕಟ್ಟಿ ಬೇರೆ ಕಡೆ ಹೋದರು. ಮನೆಗಳು ಹೋದವು. ಚರ್ಚು ಮಾತ್ರ ನಿಂತುಕೊಂಡಿತು.

ನಿಂತುಕೊಂಡಿತು ಅಂದರೆ ಹೇಗೆ? ಮಳೆಗಾಲದಲ್ಲಿ ನೀರು ಏರಿ ಸೊಂಟಕ್ಕೆ, ಎದೆಗೆ, ಕುತ್ತಿಗೆಗೆ ಬರುತ್ತದೆ. ಬೇಸಿಗೆಯಲ್ಲಿ ಇಳಿದು ಪಾದ ಕಾಣುತ್ತದೆ. ಮತ್ತೆ ಏರುತ್ತದೆ, ಮತ್ತೆ ಇಳಿಯುತ್ತದೆ. ನಲವತ್ತೈದು ವರ್ಷದ ಮೇಲಾಯಿತು, ಇದೇ ನಡೆದಿದೆ. ಮಾಡು ಎಂದೋ ಹೋಯಿತು. ಈಚಿನ ವರ್ಷಗಳಲ್ಲಿ ಗೋಡೆಗಳೂ ಒಂದೊಂದಾಗಿ ಜರಿಯುತ್ತಿವೆ.

ಒಂದು ಬೇಸಿಗೆಯಲ್ಲಿ ನಾನು ಬೆಂಗಳೂರಿಗೆ ಹೋಗಿ ಹಾಸನದ ಬಸ್ಸು ಹತ್ತಿ ಅದನ್ನು ನೋಡಿಬಂದೆ. ನೆಲವೆಲ್ಲ ಒಣಗಿ ಹಪ್ಪಳದ ಹಾಗೆ ಬಿರಿದಿತ್ತು. ಪಾದ್ರಿ ನಿಂತು ಪೂಜೆ ಮಾಡುತ್ತಿದ್ದ ಜಾಗದಲ್ಲಿ ಎರಡು ಎಮ್ಮೆ ಮಲಗಿದ್ದವು. ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಒಂದು ಜೋಡಿ ಬಂದಿತ್ತು. ಹುಡುಗಿಯ ಸೆರಗನ್ನು ಗಾಳಿಗೆ ಹಾರಿಸಲು ಒಬ್ಬ ಆಳು, ಫೋಟೋ ತೆಗೆಯಲು ಇನ್ನೊಬ್ಬ. ಗೋಡೆಯ ಮೇಲೆ ಇದ್ದಿಲಿನಲ್ಲಿ, ಮೊಳೆಯಲ್ಲಿ ಹೆಸರುಗಳು. ಹೃದಯದ ಚಿತ್ರ, ಅದರೊಳಗೆ ಬಾಣ. ಅಷ್ಟು ಹೊತ್ತು ಅಲ್ಲಿದ್ದೆ, ಅಳತೆ ಟೇಪು ಹಿಡಿದ ಒಬ್ಬ ಮನುಷ್ಯ ಕಣ್ಣಿಗೆ ಬೀಳಲಿಲ್ಲ.

ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು, ಪ್ರಾಚ್ಯಶಾಸ್ತ್ರ ಓದಿದವನಲ್ಲ. ಆದರೆ ಗೋಡೆಯ ಸಂಗತಿ ಅರ್ಥವಾಗಲು ಪದವಿ ಬೇಕಾಗಿಲ್ಲ. ನಿಮ್ಮ ಅಂಗಡಿಯ ಹಿಂದಿನ ಗೋಡೆಗೆ ಮೋರಿ ನೀರು ತಾಗಿದರೆ ಏನಾಗುತ್ತದೆ? ಮೊದಲು ಸುಣ್ಣ ಉಬ್ಬುತ್ತದೆ, ಆಮೇಲೆ ಬಿಳೀ ಉಪ್ಪು ಒಸರುತ್ತದೆ, ಆಮೇಲೆ ಇಟ್ಟಿಗೆ ಮುಟ್ಟಿದರೆ ಉದುರುತ್ತದೆ. ಇಲ್ಲೂ ಅಷ್ಟೇ. ಸದಾ ನೀರಿನಡಿಯೇ ಇದ್ದರೆ ಕಟ್ಟಡ ಒಂದಷ್ಟು ತಾಳಿಕೊಳ್ಳುತ್ತದೆ, ಸದಾ ಒಣಗಿದ್ದರೂ ತಾಳಿಕೊಳ್ಳುತ್ತದೆ. ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು, ಇದಿದೆಯಲ್ಲ, ಇದೇ ಮಾರಿ. ಗಾರೆಯೊಳಗಿನ ಸುಣ್ಣ ಕರಗಿ ಹೋಗುತ್ತದೆ. ಇಟ್ಟಿಗೆಯೊಳಗೆ ಉಪ್ಪು ಹರಳುಗಟ್ಟಿ ಒಳಗಿನಿಂದ ಒಡೆಯುತ್ತದೆ. ಅದರ ಮೇಲೆ ಗಾಳಿ ಬೀಸಿದಾಗ ಹಿನ್ನೀರಿನ ಅಲೆ ಬಂದು ಪಾಯದ ಮಣ್ಣನ್ನು ಚೂರುಚೂರೇ ಎಳೆದುಕೊಂಡು ಹೋಗುತ್ತದೆ. ಅಮೆರಿಕಾದವರು ತಮ್ಮ ಜಲಾಶಯಗಳಲ್ಲಿ ಮುಳುಗಿದ ಹಳೇ ನೆಲೆಗಳನ್ನು ವರ್ಷಗಟ್ಟಲೆ ನೋಡಿ 1981ರಲ್ಲಿ ದೊಡ್ಡ ವರದಿ ಬರೆದರು. ನೀರು ಏರಿ ಇಳಿಯುವ ಅಂಚಿನಲ್ಲೇ ಹಾಳಾಗುವುದು ಜಾಸ್ತಿ ಅಂತ ಅದರಲ್ಲೂ ಇದೆ. ತಲಕಾಡಿನ ಕೀರ್ತಿನಾರಾಯಣ ದೇವಸ್ಥಾನವನ್ನು ಮರಳು ನುಂಗಿತ್ತು, ಅಗೆದು ತೆಗೆದರು, ಎದ್ದು ನಿಂತಿತು. ಮರಳು ನುಂಗಿದ್ದನ್ನು ಇಟ್ಟುಕೊಳ್ಳುತ್ತದೆ. ಏರಿಳಿಯುವ ನೀರು ಜಗಿದು ಉಗಿಯುತ್ತದೆ.

ಸಮುದ್ರದ ದಡದವರಿಗೆ ಇದು ಹೊಸದಲ್ಲ. ತಮಿಳುನಾಡಿನ ತರಂಗಂಬಾಡಿಯಲ್ಲಿ 1306ರ ಶಾಸನವಿದ್ದ ಮಾಸಿಲಾಮಣಿನಾಥ ದೇವಸ್ಥಾನದ ಮುಂಭಾಗವನ್ನು ಕಡಲೇ ಕಡಿದುಕೊಂಡು ಹೋಯಿತು. ಇಂಗ್ಲೆಂಡಿನಲ್ಲಿ ಡನ್‌ವಿಚ್ ಅಂತ ಒಂದು ಕಾಲದ ದೊಡ್ಡ ಬಂದರು ಊರು. ಅದರ ಕಟ್ಟಕಡೆಯ ಹಳೇ ಚರ್ಚು 1904ರಿಂದ 1919ರ ಒಳಗೆ ತುಂಡುತುಂಡಾಗಿ ಸಮುದ್ರಕ್ಕೆ ಬಿತ್ತು, ಪಕ್ಕದ ಸಮಾಧಿಗಳ ಮೂಳೆ ದಿಬ್ಬದಿಂದ ಹೊರಗೆ ಚಾಚಿಕೊಂಡವು. ಆದರೆ ಡನ್‌ವಿಚ್‌ನವರು ಒಂದು ಕೆಲಸ ಮಾಡಿದ್ದರು. ಊರು ಇದ್ದಾಗಲೇ 1587ರಲ್ಲಿ ನಕ್ಷೆ ಬರೆಸಿಟ್ಟಿದ್ದರು. ಆ ನಕ್ಷೆ ಹಿಡಿದುಕೊಂಡು ನಮ್ಮ ಕಾಲದವರು ಸಮುದ್ರದ ತಳದಲ್ಲಿ ಯಾವ ಬೀದಿ ಎಲ್ಲಿತ್ತು, ಯಾವ ಚರ್ಚಿನ ಕಲ್ಲು ಎಲ್ಲಿದೆ ಅಂತ ಯಂತ್ರ ಬಿಟ್ಟು ಹುಡುಕಿ ತೆಗೆದರು. ಊರು ಹೋದರೂ ಊರಿನ ಲೆಕ್ಕ ಉಳಿದಿತ್ತು.

ಲೆಕ್ಕ ಅನ್ನುವ ಮಾತು ಅಂಗಡಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವರ್ಷಕ್ಕೊಮ್ಮೆ ಸ್ಟಾಕು ತೆಗೆಯುತ್ತೀರಿ. ಯಾಕೆ? ನಾಳೆ ಅಂಗಡಿಗೆ ಬೆಂಕಿ ಬಿದ್ದರೆ ವಿಮೆಯವನು ಮೊದಲು ಕೇಳುವುದೇ ಸ್ಟಾಕು ಪುಸ್ತಕ. ಒಳಗೆ ಏನಿತ್ತು ಅಂತ ಬರೆದಿಟ್ಟಿದ್ದರೆ ಮಾತು ಮುಂದಕ್ಕೆ. ಬೂದಿ ಕೆದಕುತ್ತಾ ‘ಇಲ್ಲಿ ಐವತ್ತು ಮೂಟೆ ಸಕ್ಕರೆ ಇತ್ತು ಸಾರ್’ ಅಂದರೆ ಅವನು ನಗುತ್ತಾನೆ. ನೀರು ನಿಂತ ಮೇಲೆ ‘ಇಲ್ಲಿ ನಮ್ಮ ತಾತನ ಸಮಾಧಿ ಇತ್ತು, ಇಲ್ಲಿ ಗುಡಿ ಇತ್ತು’ ಅನ್ನುವವರ ಪಾಡೂ ಅದೇ.

ಈಗ ನಮ್ಮ ಮನೆ ಬಾಗಿಲಿಗೆ ಬರೋಣ.

ಮೇಕೆದಾಟು ಯೋಜನೆಯ ವಿವರವಾದ ವರದಿಯನ್ನು ನಮ್ಮ ಸರ್ಕಾರ 2019ರ ಜನವರಿಯಲ್ಲಿ ಕೇಂದ್ರ ಜಲ ಆಯೋಗಕ್ಕೆ ಕೊಟ್ಟಿತು. ಆಗಿನ ಅಂದಾಜು 9,000 ಕೋಟಿ ರೂಪಾಯಿ. 67 ಟಿಎಂಸಿ ನೀರು, 400 ಮೆಗಾವಾಟ್ ಕರೆಂಟು, ಬೆಂಗಳೂರಿಗೆ ಕುಡಿಯುವ ನೀರು. 2022ರ ಜನವರಿಯಲ್ಲಿ ಸಂಗಮದಿಂದ ಪಾದಯಾತ್ರೆ ಹೊರಟಿದ್ದನ್ನು ನಮ್ಮ ಓದುಗರಲ್ಲಿ ಅರ್ಧ ಜನ ಕಣ್ಣಾರೆ ಕಂಡಿದ್ದಾರೆ. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ವರದಿ ಇನ್ನೂ ಜಲ ಆಯೋಗದ ಮುಂದೆ ಇರುವಾಗ ತಮಿಳುನಾಡಿನ ತಕರಾರು ಅವಸರದ್ದು ಅಂತ ಹೇಳಿತು. ಅಲ್ಲಿಂದ ಈಚೆಗೆ ಬಸ್ ಸ್ಟಾಂಡಿನ ಮಾತಿಗೆ ಇನ್ನಷ್ಟು ರೆಕ್ಕೆ ಬಂದಿದೆ.

ಕಟ್ಟೆ ಆಗಲೋ ಬೇಡವೋ ಅನ್ನುವುದು ಇವತ್ತಿನ ಅಂಕಣದ ವಿಷಯವಲ್ಲ. ಆಗಬೇಕು ಅನ್ನುವವರೂ ಬೇಡ ಅನ್ನುವವರೂ ನಮ್ಮ ಪೇಪರು ಓದುತ್ತಾರೆ. ನಾವು ಕೇಳುವುದು ಇಷ್ಟು: ಆದರೆ, ಏನು ಮುಳುಗುತ್ತದೆ ಅಂತ ಯಾರಾದರೂ ಪಟ್ಟಿ ಮಾಡಿದ್ದಾರೆಯೇ? ಕಾಡಿನ ಲೆಕ್ಕ ಸಿಗುತ್ತದೆ. 5,000 ಹೆಕ್ಟೇರಿಗೂ ಹೆಚ್ಚು, ನಮ್ಮ ಲೆಕ್ಕದಲ್ಲಿ 12 ಸಾವಿರ ಎಕರೆ ಮೇಲೆ, ಬಹುಪಾಲು ಕಾವೇರಿ ವನ್ಯಜೀವಿಧಾಮ ಮತ್ತು ಮೀಸಲು ಅರಣ್ಯ. ಮರ ಎಣಿಸುವ ಮಾತು ಬಂತು, ಎಣಿಸಬೇಕಾದ್ದೇ. ಆದರೆ ಸಂಗಮ, ಮುತ್ತತ್ತಿ, ಬೊಮ್ಮಸಂದ್ರ ಅಂತ ಮುಳುಗಡೆ ಮಾತು ಬಂದಾಗೆಲ್ಲ ಕೇಳಿಬರುವ ಊರುಗಳಿವೆಯಲ್ಲ, ಅಲ್ಲಿಯ ಗುಡಿ, ವೀರಗಲ್ಲು, ಮಾಸ್ತಿಕಲ್ಲು, ಹಳೇ ಬಾವಿ, ದೇವರ ಬನ, ಗೋರಿ, ಸಮಾಧಿ, ನದಿ ದಾಟುತ್ತಿದ್ದ ಕಡವು, ಇವುಗಳನ್ನು ಎಣಿಸುವ ಮಾತನ್ನು ಯಾವ ವೇದಿಕೆ ಮೇಲೂ ನಾವು ಕೇಳಲಿಲ್ಲ.

ಇನ್ನೊಂದು ಸಂಗತಿಯನ್ನು ಓದುಗರು ಗಮನಿಸಬೇಕು. ಹೇಮಾವತಿ 37 ಟಿಎಂಸಿ, ಮೇಕೆದಾಟು 67. ಒಂದೂ ಮುಕ್ಕಾಲು ಪಟ್ಟಿಗೂ ಜಾಸ್ತಿ. ಅದೂ ಸಮತೋಲನ ಜಲಾಶಯ. ಮಳೆ ಜೋರಾದಾಗ ತುಂಬಿಸಿಕೊಳ್ಳುವುದು, ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಲೆಕ್ಕ ಒಪ್ಪಿಸಬೇಕಾದಾಗ ಬಿಡುವುದು, ಅದರ ಕೆಲಸವೇ ಅದು. ಅಂದರೆ ನೀರು ಏರುತ್ತಲೂ ಇಳಿಯುತ್ತಲೂ ಇರುತ್ತದೆ. ಶೆಟ್ಟಿಹಳ್ಳಿಯ ಗೋಡೆಯನ್ನು ಜಗಿದದ್ದು ಯಾವುದೋ ಅದೇ ಇಲ್ಲಿಯ ದಡಕ್ಕೂ ಬರುತ್ತದೆ. ಪೂರ್ತಿ ಮುಳುಗಿದ್ದಕ್ಕಿಂತ ಅಂಚಿನಲ್ಲಿ ಉಳಿದದ್ದಕ್ಕೇ ಹೆಚ್ಚು ಹಾನಿ. ಅಂಚಿನ ಊರಿನವರು ‘ನಾವು ಬಚಾವಾದೆವು’ ಅಂದುಕೊಂಡಿದ್ದರೆ ಅವರೂ ಇದನ್ನು ಓದಲಿ.

ಅಣೆಕಟ್ಟೆ ಕಟ್ಟುವವರಿಗೆ ಇದೆಲ್ಲ ಗೊತ್ತಿಲ್ಲದ್ದಲ್ಲ, ಹಿಂದೆ ಮಾಡಿದವರಿದ್ದಾರೆ. ಕೃಷ್ಣಾ ನದಿಗೆ ನಾಗಾರ್ಜುನಸಾಗರ ಕಟ್ಟುವಾಗ ಮುಳುಗಲಿದ್ದ ಕಣಿವೆಯನ್ನು 1954ರಿಂದ 1960ರವರೆಗೆ ಪುರಾತತ್ವ ಇಲಾಖೆಯವರು ಅಗೆದು, ಅಳೆದು, ಬರೆದುಕೊಂಡರು. ಬೌದ್ಧರ ಕಟ್ಟಡಗಳಲ್ಲಿ ಕೆಲವನ್ನು ಎತ್ತಿ ಗುಡ್ಡದ ಮೇಲೆ ತಂದು ಕೂರಿಸಿದರು. ಈಗ ಅದು ನೀರಿನ ನಡುವೆ ದ್ವೀಪ, ಮೇಲೆ ಮ್ಯೂಸಿಯಂ, ದೋಣಿಯಲ್ಲಿ ಹೋಗಿ ನೋಡುತ್ತಾರೆ. ಕಟ್ಟೆಯೂ ಆಯಿತು, ಲೆಕ್ಕವೂ ಉಳಿಯಿತು. ನಮ್ಮ ಕನ್ನಂಬಾಡಿಯದು ಇನ್ನೊಂದು ಕತೆ. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಶುರುವಾಯಿತು, ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಸ್ಥಾನ ನೀರಿನೊಳಗೆ ಹೋಯಿತು. ಬರಗಾಲ ಬಂದಾಗ ತಲೆ ಎತ್ತುತ್ತಿತ್ತು, ಮಳೆ ಬಂದಾಗ ಮುಳುಗುತ್ತಿತ್ತು. ಹೆಚ್ಚುಕಡಿಮೆ ನೂರು ವರ್ಷ ಆದ ಮೇಲೆ ಹರಿ ಖೋಡೆಯವರ ಪ್ರತಿಷ್ಠಾನ ಅದನ್ನು ಕಲ್ಲು ಕಲ್ಲಿಗೂ ಗುರುತು ಹಾಕಿ ಬಿಚ್ಚಿ, ಹಿನ್ನೀರಿನ ದಡದಲ್ಲಿ ಮತ್ತೆ ಕಟ್ಟಿಸಿತು. ಸಂತೋಷ. ಆದರೆ ಅದು ಕಲ್ಲಿನ ಕಟ್ಟಡ, ಕಾದಿತ್ತು. ಇಟ್ಟಿಗೆ ಸುಣ್ಣದ ಚರ್ಚು ನೂರು ವರ್ಷ ಕಾಯುವುದಿಲ್ಲ. ಮಣ್ಣಿನ ಗೋಡೆಯ ಗ್ರಾಮದೇವತೆ ಗುಡಿ ಒಂದು ಮಳೆಗಾಲವೂ ಕಾಯುವುದಿಲ್ಲ. ಎಲ್ಲ ಗುಡಿಗೂ ಒಬ್ಬ ಖೋಡೆ ಸಿಗುವುದೂ ಇಲ್ಲ.

ನಮ್ಮ ಸೀಮೆಯ ಕಲ್ಲುಗಳನ್ನು ಹಿಂದೆ ಒಬ್ಬರು ಲೆಕ್ಕ ಹಾಕಿದ್ದರು. ಬಿ. ಎಲ್. ರೈಸ್ ಸಾಹೇಬರು. 1905ರಲ್ಲಿ ಅವರು ಅಚ್ಚು ಹಾಕಿಸಿದ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟದಲ್ಲಿ ಮಾಗಡಿ, ಚನ್ನಪಟ್ಟಣದ ಜೊತೆ ಕಾನಕಾನಹಳ್ಳಿ ತಾಲ್ಲೂಕು ಅಂತ ಒಂದು ಭಾಗ. ಅದೇ ಇವತ್ತಿನ ಕನಕಪುರ, ಆಗ ಹಾರೋಹಳ್ಳಿಯೂ ಅದಕ್ಕೇ ಸೇರಿದ್ದು. ಯಾವ ಊರು, ಯಾವ ಹೊಲ, ಯಾವ ಗುಡಿಯ ಮುಂದೆ ಯಾವ ಕಲ್ಲು ಅಂತ ಬರೆದಿದ್ದಾರೆ. ಎತ್ತಿನ ಗಾಡಿ, ಕುದುರೆ ಸವಾರಿಯ ಕಾಲದಲ್ಲಿ! ಜಿಲ್ಲೆ ಬೆಂಗಳೂರಿನಿಂದ ಬೇರೆಯಾಗಿ, 2007ರಲ್ಲಿ ರಾಮನಗರವಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರಾಯಿತು. ಬೋರ್ಡು ಬದಲಾಯಿಸಿದಷ್ಟು ಸಲೀಸಾಗಿ ಕಲ್ಲುಗಳ ಪಟ್ಟಿಯನ್ನು ಹೊಸದು ಮಾಡಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಆ ಪುಸ್ತಕವನ್ನೇ ಹಿಡಿದುಕೊಂಡು ಊರೂರು ಸುತ್ತಿ, ಉಳಿದಿರುವ ಶಾಸನಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಸೇರಿಸುತ್ತಿದ್ದಾರೆ. ದೊಡ್ಡ ಕೆಲಸ. ಆದರೆ ಅದು ಅಕ್ಷರ ಇರುವ ಕಲ್ಲುಗಳ ಕೆಲಸ. ಅಕ್ಷರ ಇಲ್ಲದ ವೀರಗಲ್ಲು, ಬಾವಿ, ಗೋರಿ, ಗೋಡೆ ಯಾರ ಪಾಲಿಗೆ?

ಇದನ್ನೆಲ್ಲ ಹೇಳಿದಾಗ ಸಂಗಮದ ಕಡೆಯಿಂದ ಸಂತೆಗೆ ಬಂದಿದ್ದ ಒಬ್ಬ ಹಿರಿಯರು ಟೀ ಲೋಟ ಕೆಳಗಿಟ್ಟು ಅಂದರು: ‘ಅಲ್ಲ ಕಣಪ್ಪ, ಮನೆ ಮಠನೇ ಓಯ್ತದೆ ಅಂತೀವಿ, ನೀನು ಕಲ್ಲು ಕಟ್ಕಂಡು ಕುಂತಿದ್ದೀಯಲ್ಲ!’

ಅವರ ಮಾತಿಗೆ ತೂಕ ಇದೆ. ಆದರೂ ಯೋಚಿಸಿ ನೋಡಿದರೆ ಕಲ್ಲಿನ ಲೆಕ್ಕವೂ ಮನೆಯ ಲೆಕ್ಕವೂ ಬೇರೆಬೇರೆ ಅಲ್ಲ. ಮುಳುಗಡೆಯಲ್ಲಿ ಪರಿಹಾರ ಸಿಗುವುದು ಕಾಗದ ಇದ್ದವನಿಗೆ. ಪಹಣಿ ಇದ್ದರೆ ಜಮೀನಿಗೆ ದುಡ್ಡು. ಕಾಡಂಚಿನಲ್ಲಿ ನಾಲ್ಕು ತಲೆಮಾರಿನಿಂದ ಇದ್ದೂ ಕಾಗದ ಮಾಡಿಸಿಕೊಳ್ಳದವನಿಗೆ? ಅವನ ಹಿರೀಕರ ಸಮಾಧಿ, ಅವನ ಕುಲದೇವರ ಕಲ್ಲು, ಅವನ ಮುತ್ತಜ್ಜ ತೋಡಿದ ಬಾವಿ, ಇವೇ ಅವನ ಕಾಗದ. ಅದನ್ನು ಸರ್ಕಾರಿ ಅಧಿಕಾರಿ ಬಂದು ಅಳೆದು, ಫೋಟೋ ತೆಗೆದು, ರುಜು ಹಾಕಿ ಹೋದರೆ ನಾಳೆ ‘ಇಲ್ಲಿ ಊರೇ ಇರಲಿಲ್ಲ’ ಅಂತ ಯಾರೂ ಹೇಳಲಾರರು. ಇದನ್ನು ಆ ಹಿರಿಯರಿಗೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ಬೇಗ ಬರಕೋ ಅನ್ನು’ ಅಂದರು.

ಬರೆದುಕೊಳ್ಳುವುದು ಕಷ್ಟವೇನಲ್ಲ. ರಾಜ್ಯದ ಪುರಾತತ್ವ ಇಲಾಖೆಗೆ ಗ್ರಾಮವಾರು ಸಮೀಕ್ಷೆ ಮಾಡಿ ಗೊತ್ತಿದೆ, ತಾಲ್ಲೂಕುವಾರು ಪುಸ್ತಕಗಳನ್ನೂ ತಂದಿದ್ದಾರೆ. ಆ ಸಮೀಕ್ಷೆಯನ್ನು ಮುಳುಗಡೆ ಗಡಿಯೊಳಗೆ ಮೊದಲು ಮಾಡಿ, ಗಡಿಯ ಆಚೆ ಎರಡು ಕಿಲೋಮೀಟರು ಅಂಚಿನಲ್ಲೂ ಮಾಡಲಿ ಅನ್ನುವುದೇ ನಮ್ಮ ಒತ್ತಾಯ. ನೂರು ವರ್ಷ ದಾಟಿದ್ದು ಮಾತ್ರ ಸ್ಮಾರಕ ಅಂತ ಕಾನೂನಿನ ಮಾತು ತೆಗೆಯುವುದು ಬೇಡ. ಐವತ್ತು ವರ್ಷದ ಗುಡಿಯನ್ನೂ ಬರೆದುಕೊಳ್ಳಲಿ, ಬರೆಯಲು ಶಾಯಿ ಸಾಕು. ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳ ಇತಿಹಾಸದ ಹುಡುಗರಿಗೆ ಎರಡು ಬೇಸಿಗೆ ಕೆಲಸ. ಈಗ ಡ್ರೋನು ಬಿಟ್ಟರೆ ಊರಿನ ನಕ್ಷೆ ಒಂದು ದಿನದಲ್ಲಿ ಬರುತ್ತದೆ. ಡ್ರೋನು ಇಲ್ಲದಿದ್ದರೆ ಟೇಪು, ರಸಮಟ್ಟ, ತೂಕದ ಗುಂಡು ಇದ್ದರೂ ಆಗುತ್ತದೆ, ಗಾರೆ ಮೇಸ್ತ್ರಿಗಳ ಹತ್ತಿರ ಎಲ್ಲ ಇವೆ. ಹಿರಿಯರನ್ನು ಕೂರಿಸಿಕೊಂಡು ಹೊಲಗಳ ಹೆಸರು, ಬಂಡೆಗಳ ಹೆಸರು, ಹಬ್ಬದ ದಿನ ದೇವರು ಯಾವ ದಾರಿಯಲ್ಲಿ ಬರುತ್ತಿತ್ತು ಅಂತ ಕೇಳಿ ಟೇಪ್ ಮಾಡಿಕೊಳ್ಳಬೇಕು. ಇದಕ್ಕೆ ಮಾತ್ರ ಯಂತ್ರ ಸಾಲದು, ತಾಳ್ಮೆ ಬೇಕು.

ದುಡ್ಡಿಲ್ಲ ಅನ್ನುತ್ತಾರೆ. 9,000 ಕೋಟಿಯಲ್ಲಿ ನೂರು ರೂಪಾಯಿಗೆ ಒಂದೇ ಒಂದು ಪೈಸೆ ಎತ್ತಿಟ್ಟರೂ 90 ಲಕ್ಷ ರೂಪಾಯಿ ಆಗುತ್ತದೆ. ಒಂದು ದೊಡ್ಡ ಸಮಾವೇಶದ ಶಾಮಿಯಾನ, ಊಟ, ಕಟೌಟಿನ ಬಿಲ್ಲು ನೋಡಿದವರಿಗೆ 90 ಲಕ್ಷ ಅಂದರೆ ಏನು ಅಂತ ಗೊತ್ತು.

ಶೆಟ್ಟಿಹಳ್ಳಿಗೂ ಹೊತ್ತು ಪೂರ್ತಿ ಮೀರಿಲ್ಲ. ಪ್ರತಿ ಬೇಸಿಗೆ ನೀರು ಇಳಿದಾಗ ಅದೇ ಜಾಗಗಳಲ್ಲಿ ನಿಂತು ಅದೇ ಗೋಡೆಗಳನ್ನು ಅಳೆದರೆ, ವರ್ಷಕ್ಕೆ ಎಷ್ಟು ವಾಲುತ್ತಿದೆ, ಪಾಯದ ಮಣ್ಣು ಎಷ್ಟು ಹೋಗುತ್ತಿದೆ ಅಂತ ತಿಳಿಯುತ್ತದೆ. ಬಿರುಕಿನ ಮೇಲೆ ಒಂದು ಗಾಜಿನ ಚೂರು ಅಂಟಿಸಿ ಬಂದರೆ ಸಾಕು, ಗೋಡೆ ಅಲುಗಿದರೆ ಗಾಜು ಒಡೆದು ಹೇಳುತ್ತದೆ. ನಿಲ್ಲಿಸಲು ಆಗುತ್ತದೋ ಇಲ್ಲವೋ ಇಂಜಿನಿಯರುಗಳು ಹೇಳಲಿ. ಆಗದಿದ್ದರೆ ಇರುವಷ್ಟನ್ನಾದರೂ ನಕ್ಷೆಗೆ ಇಳಿಸಲಿ. ಹೆಸರು ಕೆತ್ತುವ ಪುಣ್ಯಾತ್ಮರನ್ನು ತಡೆಯಲು ಒಬ್ಬ ಕಾವಲುಗಾರನನ್ನು ಹಾಕುವುದಕ್ಕೆ ಇಂಜಿನಿಯರೂ ಬೇಕಾಗಿಲ್ಲ.

ನಮ್ಮ ತಾಲ್ಲೂಕಿನ ಜನಕ್ಕೆ ಕಟ್ಟೆ ಅಂದರೆ ಏನು ಅಂತ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಅರ್ಕಾವತಿಗೆ ಹಾರೋಬೆಲೆಯ ಹತ್ತಿರ ಕಟ್ಟಿದ ಕಟ್ಟೆ ಕಣ್ಣೆದುರಿಗೇ ಇದೆ. ಆ ಹಾರೋಬೆಲೆಯೂ ಕ್ರೈಸ್ತರು ಹೆಚ್ಚಾಗಿರುವ ಹಳೇ ಊರು. ಶೆಟ್ಟಿಹಳ್ಳಿಯ ಫೋಟೋ ನೋಡಿದರೆ ಅಲ್ಲಿಯವರ ಎದೆಗೆ ಏನನ್ನಿಸುತ್ತದೆ ಅಂತ ನಾವು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಅರ್ಕಾವತಿ ಕೆಳಗೆ ಹರಿದು ಕಾವೇರಿಯನ್ನು ಸೇರುವುದು ಸಂಗಮದಲ್ಲಿ.

ಇಲಾಖೆಯವರು ಬರುವವರೆಗೆ ನಾವು ನೀವು ಮಾಡಬಹುದಾದ ಸಣ್ಣ ಕೆಲಸ ಒಂದಿದೆ. ಸಂಗಮ, ಮುತ್ತತ್ತಿ, ಬೊಮ್ಮಸಂದ್ರ ಸುತ್ತಿನ ಊರುಗಳಲ್ಲಿ ನೆಂಟರಿರುವವರು, ಅಲ್ಲಿಂದ ಗಿರಾಕಿಗಳು ಬರುವ ಅಂಗಡಿಯವರು ಕೇಳಿ ನೋಡಿ. ಮದುವೆ, ಜಾತ್ರೆ, ನಾಮಕರಣದ ಹಳೇ ಫೋಟೋಗಳಲ್ಲಿ ಹಿಂದೆ ಗುಡಿಯೋ ಕಲ್ಲೋ ಬಾವಿಯೋ ಕಂಡರೆ ಹಿಂಬದಿಯಲ್ಲಿ ಊರು, ವರ್ಷ, ಜಾಗದ ಹೆಸರು ಪೆನ್ಸಿಲಿನಲ್ಲಿ ಬರೆದಿಡಿ. ಪೆನ್ನಿನಲ್ಲಿ ಬೇಡ, ಶಾಯಿ ಮುಂದಕ್ಕೆ ಒಸರುತ್ತದೆ. ಗೆದ್ದಲು ಹಿಡಿಯುವ ಟ್ರಂಕಿನಿಂದ ತೆಗೆದು ಒಣಗಿದ ಜಾಗದಲ್ಲಿ ಇಡಿ. ನಮ್ಮ ಆಫೀಸಿಗೆ ತಂದುಕೊಟ್ಟರೆ ಕಾಪಿ ಮಾಡಿಸಿಕೊಂಡು ಅದೇ ದಿನ ವಾಪಸು ಕೊಡುತ್ತೇವೆ.